ತುಂಬು ತೋಳಿನ ಅಂಗಿ

ಹನ್ನೊಂದಿದ್ದದ್ದು ನಾಲ್ಕಕ್ಕೆ ಇಳಿದಿತ್ತು. ಕೆಂಚಕ್ಕ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಇಂಗ್ಲಿಷ್ ಅಕ್ಷರ ಬಾರದು. ಆದರೆ ಅಂಕಿ ಯಾವ ಭಾಷೆಯಲ್ಲಿದ್ದರೂ ಅಂಕಿಯೇ. ಎರಡು ವರ್ಷದಿಂದ ತಿಂಗಳಿಗೊಮ್ಮೆ ಈ ಚೀಟಿಯ ಮೂರನೇ ಸಾಲನ್ನು ಮಾತ್ರ ಅವಳು ಹುಡುಕುತ್ತಿದ್ದಳು. ಗಂಡನ ಕಿಡ್ನಿ ಎಷ್ಟು ಕೆಟ್ಟಿದೆ ಎಂದು ಹೇಳುವ ಸಾಲು ಅದು. ಹತ್ತು, ಹನ್ನೊಂದು, ಒಮ್ಮೆ ಹನ್ನೆರಡೂವರೆ. ಇವತ್ತು ನಾಲ್ಕು.

ಒಳಗೆ ಹುಲುಗಣ್ಣ ಹಾಸಿಗೆಯ ಮೇಲೆ ಎದ್ದು ಕೂತು, ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡಿದ್ದ. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ, ನಾಲ್ಕು ನಾಲ್ಕು ತಾಸು ಅವನ ರಕ್ತ ಮಿಷಿನ್ನಿನೊಳಗೆ ಹೋಗಿ ತೊಳೆಸಿಕೊಂಡು ಬರುತ್ತಿತ್ತು. ಕೊಟ್ಟೂರಿನ ಸಂತೆಯಲ್ಲಿ ಕ್ವಿಂಟಲ್ ಚೀಲ ಬೆನ್ನ ಮೇಲೆ ಹೊತ್ತು ನಗುತ್ತಾ ಓಡಾಡುತ್ತಿದ್ದ ಹಮಾಲಿ ಈಗ ದಿನಕ್ಕೆ ಮೂರು ಲೋಟ ನೀರಿನ ಮನುಷ್ಯ. ಆ ಮೂರು ಲೋಟವನ್ನೂ ಹೆಂಡತಿಯೇ ಅಳೆದು ಕೊಡಬೇಕು.

"ನಾಲ್ಕು ಬಂದೈತ್ರಿ," ಎಂದಳು ಕೆಂಚಕ್ಕ.

"ಹೊತ್ತೇನು?"

"ಹೊತ್ತಲ್ರಿ, ಚೀಟ್ಯಾಗ! ಹನ್ನೊಂದಿದ್ದದ್ದು ನಾಲ್ಕಕ್ಕ ಬಂದೈತಿ."

ಹುಲುಗಣ್ಣ ಚೀಟಿ ನೋಡಲಿಲ್ಲ, ಅವಳ ಮುಖ ನೋಡಿದ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಆ ಮುಖ ಹೀಗೆ ಅರಳಿದ್ದನ್ನು ಅವನು ಬೆರಳೆಣಿಕೆಯಷ್ಟು ಸಲ ಕಂಡಿದ್ದ. ಹಾಗಾಗಿ ಏನೂ ಕೇಳದೆ, "ಭಾಳ ಚಲೋ ಆತು ತಗೋ," ಎಂದುಬಿಟ್ಟ. ಕೇಳಿದ್ದರೆ ಚೆನ್ನಾಗಿತ್ತು.

ಕೆಂಚಕ್ಕನನ್ನು ಪ್ರಾರ್ಥನೆಯ ಸಭೆಗೆ ಎಳೆದದ್ದು ಪವಾಡವಲ್ಲ, ಒಂದು ಮಾತು. ಮೂರು ವರ್ಷದ ಹಿಂದೆ ಹುಣಸೆಹಣ್ಣಿನ ಶೆಡ್ಡಿನಲ್ಲಿ ಬೀಜ ಬಿಡಿಸುತ್ತಾ ಕೂತಿದ್ದಾಗ ಪಕ್ಕದ ಅನ್ನದಾನಮ್ಮ, "ದೇವರು ನಿನ್ನ ಪ್ರೀತಿ ಮಾಡ್ತಾನ ಕೆಂಚಕ್ಕ," ಎಂದಿದ್ದಳು. ಅದಕ್ಕೆ ಮೊದಲು ಅವಳಿಗೆ ಗೊತ್ತಿದ್ದ ದೇವರುಗಳೆಲ್ಲ ಹೆದರಬೇಕಾದವು, ಒಲಿಸಿಕೊಳ್ಳಬೇಕಾದವು, ಮರೆತರೆ ಮುನಿಯುವಂಥವು. ಪ್ರೀತಿ ಮಾಡುವ ದೇವರ ಸುದ್ದಿಯನ್ನು ಯಾರೂ ಅವಳ ಕಿವಿಗೆ ಹಾಕಿರಲಿಲ್ಲ. ಅವತ್ತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಂಜೆ ರೊಟ್ಟಿ ಬಡಿಯುತ್ತಾ ಯಾಕೋ ಅತ್ತಳು. ಮುಂದಿನ ಭಾನುವಾರ ಅನ್ನದಾನಮ್ಮನ ಹಿಂದೆ ಹೋದಳು. ವರ್ಷ ಕಳೆಯುವುದರಲ್ಲಿ ಗಂಡನ ಕಾಲು ಬಾತವು, ಮಿಷಿನ್ನಿನ ಸಹವಾಸ ಶುರುವಾಯಿತು. ಆಗಲೂ ಅವಳು ಆ ಮಾತನ್ನು ಬಿಡಲಿಲ್ಲ. ಬಿಟ್ಟರೆ ಹಿಡಿಯಲು ಬೇರೆ ಏನಿತ್ತು?

ಸಭೆ ಎಂದರೆ ವೆಲ್ಡಿಂಗ್ ಶಾಪಿನ ಹಿಂದಿನ ಒಂದು ತಗಡಿನ ಶೆಡ್ಡು. ಪಾಸ್ಟರ್ ಆಧಾರ್ ಕಾರ್ಡಿನಲ್ಲಿ ಬೀರಲಿಂಗೇಶ್, ಸಭೆಯಲ್ಲಿ ಯೋಹಾನಪ್ಪ. ಜನ ಎರಡನ್ನೂ ಪಕ್ಕಕ್ಕಿಟ್ಟು ಪಾಸ್ಟ್ರಪ್ಪ ಎನ್ನುತ್ತಿದ್ದರು. ಹೋದ ವರ್ಷ ಒಂದಷ್ಟು ಹುಡುಗರು ಬಂದು ಕೂಗಾಡಿ ಹೋದಮೇಲೆ ಅವರು ಬಾಗಿಲ ಮೇಲಿನ ಬೋರ್ಡನ್ನು ತೆಗೆದು ಒಳಗಿಟ್ಟಿದ್ದರು. ಹಾಡೂ ಅಲ್ಲಿಂದಾಚೆ ಮೆಲ್ಲಗೆ. ಗೋಡೆಗೆ, ಹೆದರಬೇಡ ಎಂದು ದಪ್ಪಕ್ಷರದಲ್ಲಿ ಬರೆದ ಕ್ಯಾಲೆಂಡರು ತೂಗುತ್ತಿತ್ತು. ಪ್ರತಿ ಭಾನುವಾರ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವುದು ಅಲ್ಲಿಯ ರೂಢಿ. ದೇವರಿಂದ ಏನು ಸಿಕ್ಕಿತೋ ಅದನ್ನು ಎದ್ದು ನಿಂತು ಹೇಳಬೇಕು, ಉಳಿದವರು ಆಮೆನ್ ಅನ್ನಬೇಕು. ಕಳೆದ ಆಡು ಮನೆಗೆ ಬಂದದ್ದೂ ಸಾಕ್ಷಿಯೇ, ಮಗಳಿಗೆ ಗಂಡು ಗೊತ್ತಾದದ್ದೂ ಸಾಕ್ಷಿಯೇ. ಮೂರು ವರ್ಷ ಮಂದಿಯ ಸಾಕ್ಷಿಗೆ ಆಮೆನ್ ಹೇಳಿ ಹೇಳಿ ಕೆಂಚಕ್ಕನಿಗೆ ಸುಸ್ತಾಗಿತ್ತು.

ಆ ಭಾನುವಾರ ಅವಳು ಎದ್ದಳು. ಚೀಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಮೂರು ದಿನ ಉಪವಾಸ ಮಾಡಿ ಬೇಡಿಕೊಂಡಿದ್ದೆ. ಹನ್ನೊಂದಿದ್ದದ್ದು ನಾಲ್ಕಕ್ಕ ಇಳಿಸ್ಯಾನ ನಮ್ಮಪ್ಪ. ನನ್ನ ಗಂಡಗ ವಾಸಿ ಆಗೈತಿ. ಇನ್ನ ಮಿಷಿನ್ನು ಬ್ಯಾಡ."

ಕೊನೆಯ ಮಾತನ್ನು ಅವಳಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಸಂತೋಷದ ಭರದಲ್ಲಿ ಬಾಯಿಂದ ತಾನಾಗಿ ಬಂತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗಾಯಿತು. ಆದರೆ ಅವತ್ತು ಶೆಡ್ಡಿನಲ್ಲಿ ಎದ್ದ ಆಮೆನ್ ಎಂಥದೆಂದರೆ, ಪಕ್ಕದ ವೆಲ್ಡಿಂಗಿನವನು ಕೆಲಸ ನಿಲ್ಲಿಸಿ ಬಗ್ಗಿ ನೋಡಿದ.

ಎರಡು ದಿನದ ಮೇಲೆ, ಮಂಗಳವಾರ, ನರ್ಸ್ ಸುಮಲತಾ ಅವಳ ಕೈಗೆ ಇನ್ನೊಂದು ಚೀಟಿ ಕೊಟ್ಟಳು. "ಹೋದ ಸಲ ಒಂದೇ ಒಯ್ದೀರಿ ನೋಡ್ರಿ ಅಮ್ಮಾ. ಎರಡು ಇದ್ವು." ಅದರ ಮೂರನೇ ಸಾಲಿನಲ್ಲಿ ಹನ್ನೊಂದೂ ಚಿಲ್ಲರೆ ಇತ್ತು.

"ಇದು ಯಾರದ್ರಿ ಸಿಸ್ಟರ್?"

"ನಿಮ್ಮ ಯಜಮಾನ್ರದ. ಇದು ಮಿಷಿನ್ನಿಗೆ ಹಾಕೋ ಮುಂಚಿಂದು, ಅದು ತೆಗದ ಮ್ಯಾಲಿಂದು. ಈ ತಿಂಗಳ, ಹೋದ ಮಂಗಳವಾರ, ಎರಡೂ ಟೆಸ್ಟ್ ಮಾಡಿದ್ವಿ, ಮಿಷಿನ್ನು ಸರಿಯಾಗಿ ತೊಳಿತೈತೋ ಇಲ್ಲೋ ನೋಡಾಕ."

"ಅಂದ್ರ ನಾಲ್ಕು..."

"ಈಗ ತೊಳದ ಪಾತ್ರಿ ಇದ್ದಂಗ ಅಮ್ಮಾ. ಉಂಡ ಮ್ಯಾಲೆ ಮತ್ತ ಮುಸುರಿ ಆಗತೈತೆಲ್ಲ? ಹಂಗ, ಎರಡು ದಿನಕ್ಕ ಮತ್ತ ಏರತೈತಿ. ಮಿಷಿನ್ನು ಬಿಡಂಗಿಲ್ಲ ಮತ್ತ. ಬಿಟ್ರ ಕಷ್ಟ."

ಕೆಂಚಕ್ಕ ವರಾಂಡದ ಬೆಂಚಿನ ಮೇಲೆ ಕೂತಳು. ಎರಡು ಚೀಟಿಗಳನ್ನೂ ಮಡಿಚಿ ಎಲೆಯಡಿಕೆಯ ಚೀಲದೊಳಗೆ ತುರುಕಿದಳು. ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಿದ್ದಳು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮನೆಗೆ ಬಂದಮೇಲೆ ಗಂಡನಿಗೆ ಹೇಳಿದಳು. ಅವನು, "ಹೋಗ್ಲಿ ಬಿಡಲೇ ಕೆಂಚಿ. ಬರೋ ಐತವಾರ ಎದ್ದು ನಿಂತು ತಪ್ಪಾತು ಅನ್ನು. ಮುಗೀತು," ಎಂದ.

"ದೇವರ ಮಾನ ಏನಾಗಬೇಕ್ರಿ? ಅಷ್ಟು ಮಂದಿ ಮುಂದ ಹೇಳೀನಿ."

"ದೇವರ ಮಾನ ನೀ ಕಾಯ್ತೀಯೇನು? ಅವ ನಿನ್ನ ಕಾಯಬೇಕೋ, ನೀ ಅವನ್ನ ಕಾಯಬೇಕೋ?"

ಹುಲುಗಣ್ಣನಿಗೆ ಯೇಸಪ್ಪನ ಮೇಲೆ ಸಿಟ್ಟೂ ಇರಲಿಲ್ಲ, ಸಲುಗೆಯೂ ಇರಲಿಲ್ಲ. ಹೆಂಡತಿ ಕರೆದರೆ ಬರುತ್ತಿದ್ದ, ಗಂಡಸರ ಕಡೆ ಗೋಡೆಗೊರಗಿ ಕೂರುತ್ತಿದ್ದ. ಅವಳು ಮಾತ್ರ ರಾತ್ರಿಯೆಲ್ಲ ಒಂದೇ ಸಮನೆ ಲೆಕ್ಕ ಹಾಕಿದಳು: ದೇವರು ಪ್ರೀತಿ ಮಾಡುವುದು ನಿಜ, ನಾನು ಹೇಳಿದ್ದು ಸುಳ್ಳು, ಇದು ಸುಳ್ಳು ಅಂದರೆ ಜನ ಅದನ್ನೂ ಸುಳ್ಳು ಅಂತಾರೆ. ಭಾನುವಾರ ಬೆಳಗ್ಗೆ ಟ್ರಂಕು ತೆಗೆದು ಮಗಳ ಮದುವೆಯಲ್ಲಿ ಹೊಲಿಸಿದ್ದ ತುಂಬು ತೋಳಿನ ಅಂಗಿಯನ್ನು ಗಂಡನ ಮುಂದಿಟ್ಟಳು.

ಅಂಗಿ ಹಾಕುವ ಮುಂಚೆ ದಿನದ ಪದ್ಧತಿ ನಡೆಯಿತು. ಮಿಷಿನ್ನಿನ ಸೂಜಿ ಚುಚ್ಚಲೆಂದು ಹುಲುಗಣ್ಣನ ಎಡಗೈಯಲ್ಲಿ ಆಪರೇಷನ್ ಮಾಡಿ ಎರಡು ನರ ಕೂಡಿಸಿದ್ದರು. ಅಲ್ಲಿ ಅಂಗೈ ಇಟ್ಟರೆ, ಬೆಂಕಿಪೊಟ್ಟಣದಲ್ಲಿ ಜೇನ್ನೊಣ ಹಾಕಿ ಮುಚ್ಚಿದಂತೆ ಗುಂಯ್ ಎನ್ನುವುದು ಕೈಗೆ ಹತ್ತುತ್ತಿತ್ತು. ದಿನಾ ಬೆಳಗ್ಗೆ ಮುಟ್ಟಿ ನೋಡಬೇಕು, ಅದು ನಿಂತರೆ ಕೂಡಲೇ ಓಡಿ ಬರಬೇಕು ಎಂದು ಡಯಾಲಿಸಿಸ್‌ನವರ ಮನೆಯವರಿಗೆಲ್ಲ ಸುಮಲತಾ ಕಲಿಸಿದ್ದಳು. ಕೆಂಚಕ್ಕ ಕೈಯಿಟ್ಟು, "ಐತಿ," ಎಂದಳು. ಹುಲುಗಣ್ಣ ಎಂದಿನಂತೆ, "ಇರ್ಲಿ ಬಿಡು," ಎಂದ. ಆಮೇಲೆ ಅವಳು ತೋಳು ಇಳಿಸಿ, ಶುಕ್ರವಾರದ ಎರಡು ಪಟ್ಟಿಗಳ ಮೇಲೆ ಅಂಗಿ ಎಳೆದು ಗುಂಡಿ ಹಾಕಿದಳು.

"ಏಪ್ರಿಲ್ ತಿಂಗಳಾಗ ನನ್ನ ಮದುಮಗನ ಮಾಡೀಯಲ್ಲಲೇ," ಎಂದ ಅವನು. ಅವಳು ನಗಲಿಲ್ಲ.

ಸಭೆಯಲ್ಲಿ ಅವತ್ತು ಇಬ್ಬರು ಹೊಸಬರಿದ್ದರು. ಕೊಟ್ಟೂರು ರಸ್ತೆಯ ಹಳ್ಳಿಯಿಂದ ಅನ್ನದಾನಮ್ಮ ತನ್ನ ದೂರದ ಸಂಬಂಧಿ ದುರ್ಗಾದೇವಿಯನ್ನೂ ಅವಳ ಮಗ ಭರತನನ್ನೂ ಕರೆತಂದಿದ್ದಳು. ಭರತನಿಗೆ ಇಪ್ಪತ್ಮೂರು. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಒಳ್ಳೆ ಕೈಯೆಂದು ಹೆಸರು ಮಾಡುವಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು. ಅವನೂ ಅದೇ ಮಿಷಿನ್ನಿನವನೇ; ಸೋಮವಾರ, ಗುರುವಾರ ಅವನ ಪಾಳಿ. ತಂದೆಯಿಲ್ಲದ ಒಬ್ಬನೇ ಮಗ. ದುರ್ಗಾದೇವಿ ಹೆಂಗಸರ ಸಾಲಿನ ಮುಂದೆ ಕೂತು ಕಣ್ಣು ಮಿಟುಕಿಸದೆ ಕೆಂಚಕ್ಕನನ್ನೇ ನೋಡುತ್ತಿದ್ದಳು.

"ಕೆಂಚಕ್ಕ ತಾಯಿ," ಎಂದರು ಪಾಸ್ಟರ್, "ಹೊಸಬರು ಬಂದಾರ. ನಿಮ್ಮ ಸಾಕ್ಷಿ ಇನ್ನೊಂದು ಸಲ ಹೇಳಬೇಕ್ರಿ."

ಕೆಂಚಕ್ಕ ಎದ್ದಳು. ತಪ್ಪಾತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ದುರ್ಗಾದೇವಿಯ ಮುಖ, ಆಚೆ ಗಂಡಸರ ಸಾಲಿನಲ್ಲಿ ಭರತನ ಊದಿದ ಕಣ್ಣುಗಳು. ಅಷ್ಟು ಆಸೆಯಿಂದ ಯಾರೂ ಅವಳ ಬಾಯಿಯನ್ನು ನೋಡಿರಲಿಲ್ಲ.

"ದೇವರು ಒಳ್ಳೇವನದಾನ," ಎಂದು ಹೇಳಿ ಕೂತುಬಿಟ್ಟಳು.

ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಸುಳ್ಳೂ ಹೇಳಲಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಆಮೆನ್ ಎಂದವರಲ್ಲಿ ದುರ್ಗಾದೇವಿಯ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಹೊರಗೆ ಬೇವಿನ ನೆರಳಿನಲ್ಲಿ ಭರತ ಹುಲುಗಣ್ಣನ ಪಕ್ಕಕ್ಕೆ ಬಂದು ನಿಂತ. "ಕಾಕಾ, ಈಗ ನೀರು ಎಷ್ಟು ಕುಡೀತೀರಿ?"

ಹುಲುಗಣ್ಣ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡಿದಳು. "ಅದನ್ನ ನಮ್ಮ ಮನಿಯಾಕಿ ಅಳತಿ ಮಾಡ್ತಾಳಪ್ಪ," ಎಂದ. ಹುಡುಗ ಅದನ್ನು ತಮಾಷೆ ಎಂದುಕೊಂಡು ನಕ್ಕ.

"ನಂಗ ಎಳನೀರು ಕುಡೀಬೇಕು ಕಾಕಾ. ಎರಡು ವರ್ಷ ಆತು. ವಾಸಿ ಆದ್ರ ಮೊದಲ ಅದನ್ನ ಕುಡಿಯಾವ."

ಅತ್ತ ದುರ್ಗಾದೇವಿ ಕೆಂಚಕ್ಕನ ಎರಡೂ ಕೈ ಹಿಡಿದುಕೊಂಡಿದ್ದಳು. "ಅಕ್ಕಾ, ಎಷ್ಟು ದಿನ ಉಪವಾಸ ಇದ್ರಿ ನೀವು?"

"ಮೂರು ದಿನ." ಇದು ನಿಜವೇ ಆಗಿತ್ತು.

"ಮೂರು ದಿನ," ಎಂದು ದುರ್ಗಾದೇವಿ ಪಾಠ ಒಪ್ಪಿಸುವಂತೆ ಮೆಲ್ಲಗೆ ಹೇಳಿಕೊಂಡಳು.

ಆ ಕ್ಷಣ ಹೇಳಬಹುದಿತ್ತು. ಕೆಂಚಕ್ಕ ಫೋನ್ ನಂಬರು ಮಾತ್ರ ಇಸಕೊಂಡಳು. ಎಲ್ಲರ ಮುಂದೆ ಬೇಡ, ನಾಳೆ ಫೋನಿನಲ್ಲಿ ಹೇಳಿದರಾಯಿತು ಎಂದು. ಸೋಮವಾರ ಹುಣಸೆಹಣ್ಣಿನ ಅಂಟು ಕೈಯಲ್ಲಿ ಮೂರು ಸಲ ಫೋನು ತೆಗೆದಳು, ಮೂರು ಸಲ ಒಳಗಿಟ್ಟಳು. ಇವತ್ತು ಹೆಂಗೂ ಭರತನ ಪಾಳಿ, ಮಿಷಿನ್ನಿಗೆ ಹೋಗಿರ್ತಾನೆ, ನಾಳೆ ಹೇಳಿದರೂ ನಡೆದೀತು ಎಂದುಕೊಂಡಳು.

ಮಂಗಳವಾರ ಹುಲುಗಣ್ಣನಿಗೆ ಸೂಜಿ ಹಾಕುತ್ತಾ ಸುಮಲತಾ ಕೇಳಿದಳು: "ನಿಮ್ಮ ಸಭಿಗೆ ಬಂದಿದ್ನಂತಲ್ಲ, ಆ ಭರತ್ ಅನ್ನೋ ಹುಡುಗ, ನಿನ್ನಿ ಬರಲೇ ಇಲ್ಲ. ಅವರವ್ವಗ ಫೋನ್ ಮಾಡಿದ್ರ, ದೇವರ ಮ್ಯಾಲೆ ಭಾರ ಹಾಕೀವಿ, ಇನ್ನ ಬರಂಗಿಲ್ಲ ಅಂತಾಳ. ನಿಮಗೇನಾರ ಗೊತ್ತೈತೇನ್ರಿ?"

ಕೆಂಚಕ್ಕ ಗಂಡನ ಕಡೆ ನೋಡಿದಳು. ಅವನು ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸದೆ, ಇನ್ನೊಂದು ಕೈಯಲ್ಲಿ ಬಾಗಿಲು ತೋರಿಸಿದ. "ಓಡು," ಎಂದ.

ಎರಡು ವರ್ಷದಲ್ಲಿ ಗಂಡನನ್ನು ಮಿಷಿನ್ನಿನ ಮೇಲೆ ಬಿಟ್ಟು ಅವಳು ಆಸ್ಪತ್ರೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತು ಫೋನು ಮಾಡಿದಳು, ರಿಂಗಾಯಿತು, ಯಾರೂ ಎತ್ತಲಿಲ್ಲ. ಬಸ್ಸು ಕಂಡ ಕಂಡಲ್ಲಿ ನಿಂತಿತು. ಒಬ್ಬ ಮುದುಕ ಹತ್ತಲು ಐದು ನಿಮಿಷ, ಅವನ ಚೀಲ ಹತ್ತಲು ಇನ್ನೆರಡು ನಿಮಿಷ. ಪ್ರೀತಿಯ ತಂದೆಯೇ, ಪ್ರೀತಿಯ ತಂದೆಯೇ ಎಂದು ಅವಳು ಬಾಯೊಳಗೆ ಅನ್ನುತ್ತಲೇ ಇದ್ದಳು. ಹೇಳಿದ್ದು ಸುಳ್ಳು ಅಂತ ದುರ್ಗಾದೇವಿಯ ಕಾಲು ಹಿಡೀತೀನಿ, ಬೇಕಾದರೆ ಊರ ಮುಂದೆ ಹೇಳ್ತೀನಿ, ಹುಡುಗನನ್ನು ಆಟೋದಲ್ಲಿ ಹಾಕಿಕೊಂಡು ಬಂದರೆ ಸಂಜೆಯ ಪಾಳಿಗಾದರೂ ಸಿಕ್ಕೀತು.

ಊರ ಬಾಗಿಲಲ್ಲಿ ಇಳಿದು ಮನೆ ಕೇಳಬೇಕಾಗಲಿಲ್ಲ. ಜನ ಅತ್ತಲೇ ಹೋಗುತ್ತಿದ್ದರು.

ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕಟ್ಟೆಯ ಕೆಳಗಿದ್ದ ಎಳನೀರಿನ ಬುರುಡೆಗಳು. ಮೂರು. ತಲೆ ಕೆತ್ತಿದ್ದು ಇನ್ನೂ ಹಸಿ ಇತ್ತು. ಭಾನುವಾರದಿಂದ ತಾಯಿ ಮಗ ಇಬ್ಬರೂ ಉಪವಾಸ ಕೂತು, ಆ ಬೆಳಗ್ಗೆ ಪ್ರಾರ್ಥನೆ ಮಾಡಿ ಬಿಟ್ಟಿದ್ದರು. ಉಪವಾಸ ಬಿಡುವಾಗ ಎಳನೀರು ಕುಡಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಡಯಾಲಿಸಿಸ್‌ನವರಿಗೆ ಅದು ವಿಷ, ಗುಂಡಿಗೆ ನಿಂತುಬಿಡುತ್ತದೆ ಎಂದು ಸುಮಲತಾ ನೂರು ಸಲ ಹೇಳಿದ್ದಳು. ಆದರೆ ವಾಸಿಯಾದವರಿಗೆ ಏನಡ್ಡಿ? ಭರತ ಮೂರೂ ಕುಡಿದು, ಅವ್ವಾ ಎಷ್ಟು ಚೆನ್ನಾಗೈತಿ ಎಂದನಂತೆ. ಅರ್ಧ ತಾಸಿನಲ್ಲಿ ಕೂತಲ್ಲೇ ವಾಲಿದನಂತೆ.

ದುರ್ಗಾದೇವಿ ಅವಳನ್ನು ಕಂಡದ್ದೇ ಮಗನ ತಲೆಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಎದ್ದು ಬಂದಳು. ಹೊಡೆಯಲಿ ಎಂದು ಕೆಂಚಕ್ಕ ಮುಖ ಕೊಟ್ಟು ನಿಂತಳು. ಅವಳು ಬಂದು ತಬ್ಬಿಕೊಂಡಳು.

"ನಿನ್ನಂಥ ವಿಶ್ವಾಸ ನಂಗ ಬರಲಿಲ್ಲಕ್ಕಾ," ಎಂದಳು. "ನಿನ್ನಿ ಸಂಜಿಮುಂದ ಅವನ ಮುಖ ಬಾತಿತ್ತು. ಆಸ್ಪತ್ರಿಗೆ ಒಯ್ಯಲೇನು ಅಂತ ಒಂದು ಗಳಿಗಿ ಹೆದರಿದೆ. ಆ ಒಂದು ಗಳಿಗಿಗೆ ದೇವರು ಕೈಬಿಟ್ಟ ನೋಡು. ನಿನ್ನ ಗಂಡನ್ನ ಉಳಿಸಿಕೊಂಡಿ ನೀನು. ನಾ ನನ್ನ ಮಗನ್ನ ಕಳಕೊಂಡೆ."

ಕೆಂಚಕ್ಕ ಬಾಯಿ ತೆರೆದಳು. ಬಂದದ್ದು ಮಾತಲ್ಲ, ಒಂದು ಥರದ ಕೂಗು. ಸುತ್ತಲಿದ್ದ ಹೆಂಗಸರೂ ಅದಕ್ಕೆ ದನಿ ಸೇರಿಸಿ ಅತ್ತರು. ಹೆಣದ ಮನೆಯಲ್ಲಿ ಯಾರ ಕೂಗು ಯಾತಕ್ಕೆ ಎಂದು ಯಾರು ಕೇಳುತ್ತಾರೆ?

ಅವಳು ವಾಪಸು ಬಂದಾಗ ಹುಲುಗಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಮುಖ ನೋಡಿ ಎಲ್ಲ ತಿಳಿದುಕೊಂಡ. "ನನ್ನ ಕೇಳಿದ್ದ ಆ ಹುಡುಗ," ಎಂದ. "ನೀರು ಎಷ್ಟು ಕುಡೀತಿ ಅಂತ ನನ್ನ ಕೇಳಿದ್ದ."

ಕೆಂಚಕ್ಕ ಗುರುವಾರ ಪಾಸ್ಟರ ಹತ್ತಿರ ಹೋಗಿ ಎರಡೂ ಚೀಟಿಗಳನ್ನು ಮುಂದಿಟ್ಟಳು. ಅವರು ಒಂದರ ಪಕ್ಕ ಒಂದನ್ನು ಹಿಡಿದು ನೋಡಿದರು. "ಅವತ್ತು ನಾನಾರ ಓದಬೇಕಿತ್ತು ತಾಯಿ. ಇಂಗ್ಲಿಷ್ ನನಗೂ ಅಷ್ಟಕ್ಕಷ್ಟೇ," ಎಂದರು. ಸ್ವಲ್ಪ ತಡೆದು, "ಇದು ಹೊರಗ ಬಿದ್ರ ಈ ಸಲ ಬೋರ್ಡಲ್ಲ, ತಗಡೇ ಹೋಗ್ತಾವ," ಎಂದರು. ಹೇಳು ಎನ್ನಲಿಲ್ಲ, ಹೇಳಬೇಡ ಎನ್ನಲೂ ಇಲ್ಲ. ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದವರು ಒಂದು ಮಾತೂ ಆಡಲಾರದೆ ಕಣ್ಣು ತೆರೆದರು.

ಕೆಂಚಕ್ಕನಿಗೂ ಪ್ರಾರ್ಥನೆ ಹೋಗಿಬಿಟ್ಟಿತ್ತು. ಮೊಣಕಾಲೂರಿ ಪ್ರೀತಿಯ ತಂದೆಯೇ ಎಂದು ಶುರುಮಾಡುವಳು, ಅಲ್ಲಿಗೇ ನಿಲ್ಲುವುದು. ಅವನು ನನ್ನ ಪ್ರೀತಿ ಮಾಡಿದ್ದು ನಿಜವಾದರೆ ಆ ಹುಡುಗನನ್ನು ಮಾಡಲಿಲ್ಲವೇ? ಅವನ ಮಾನ ಉಳಿಸಲು ಹೋಗಿ ಅವನ ಮಗನನ್ನೇ ಕೊಂದೆನಲ್ಲ. ಬೈದರೂ ಆಗುತ್ತಿತ್ತು, ಹೆದರಿಸಿದರೂ ಆಗುತ್ತಿತ್ತು. ಹಳೆಯ ದೇವರುಗಳು ಇಂಥ ಹೊತ್ತಿನಲ್ಲಿ ಮುನಿದಾದರೂ ಮುನಿಯುತ್ತಿದ್ದವು. ಇವನು ಸುಮ್ಮನಿದ್ದ.

ಭಾನುವಾರ ಅವಳು ಟ್ರಂಕಿನ ಅಂಗಿ ತೆಗೆಯಲಿಲ್ಲ. ಹುಲುಗಣ್ಣ ತಾನೇ ತೆಗೆದು ಹಾಕಿಕೊಂಡು, ತೋಳಿನ ಗುಂಡಿಯನ್ನೂ ಒಂದೇ ಕೈಯಲ್ಲಿ ಕಷ್ಟಪಟ್ಟು ಹಾಕಿಕೊಂಡ. ಯಾಕೆಂದು ಅವಳು ಕೇಳಲಿಲ್ಲ.

ದುರ್ಗಾದೇವಿ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಮಣ್ಣು ಮಾಡಿ ಐದು ದಿನವಾಗಿರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಒಬ್ಬಳೇ ಬಂದು ಬಾಗಿಲ ಹತ್ತಿರ ಕೂತಳು. ಪಾಸ್ಟರ್ ಸಾಕ್ಷಿಯ ಸುದ್ದಿಯೆತ್ತದೆ ಸರಸರನೆ ಮುಂದಕ್ಕೆ ಹೋಗಲು ನೋಡಿದರು. ಅವಳು ತಾನಾಗಿಯೇ ಎದ್ದು ನಿಂತಳು.

"ನನ್ನದೊಂದು ಸಾಕ್ಷಿ ಐತ್ರಿ," ಎಂದಳು. "ನನ್ನ ಮಗ ಸತ್ತದ್ದು ನನ್ನ ಅಪನಂಬಿಕಿಯಿಂದ. ದೇವರದೇನೂ ತಪ್ಪಿಲ್ಲ. ಅಕ್ಕನ ಗಂಡನ್ನ ನೋಡ್ರಿ, ನಂಬಿದವರನ್ನ ಹೆಂಗ ಇಟ್ಟಾನ. ನಂಗ ಕ್ಷಮ ಆಗಲಿ ಅಂತ ಎಲ್ಲಾರೂ ಬೇಡಿಕೊಳ್ರಿ."

ಯಾರೂ ಆಮೆನ್ ಅನ್ನಲಿಲ್ಲ.

ಕೆಂಚಕ್ಕ ಎದ್ದಳು. ಹೆಂಗಸರ ಸಾಲಿಗೂ ಗಂಡಸರ ಸಾಲಿಗೂ ನಡುವೆ ಖಾಲಿ ಬಿಟ್ಟ ಜಾಗವನ್ನು ದಾಟಿ ಗಂಡನ ಮುಂದೆ ಹೋಗಿ ಕೂತಳು. ಅವಳು ಕೇಳುವ ಮೊದಲೇ ಹುಲುಗಣ್ಣ ಎಡಗೈ ಚಾಚಿದ. ತೋಳಿನ ಗುಂಡಿ ಬಿಗಿಯಾಗಿತ್ತು. ಎಳೆದಳು, ಅದು ಕಿತ್ತು ಬಂದು ಎಲ್ಲೋ ಉರುಳಿತು. ತೋಳನ್ನು ಮೊಣಕೈಯ ಮೇಲಕ್ಕೆ ಮಡಿಚಿದಳು. ಎರಡು ಪಟ್ಟಿ. ಸುತ್ತ ನೀಲಿಗಟ್ಟಿದ ಚರ್ಮ.

"ಮೊನ್ನಿ ಶುಕ್ರವಾರದ್ದು," ಎಂದಳು. ತಗಡಿಗೆ ಬಡಿಯುವಷ್ಟು ಜೋರಾಗಿ ಹೇಳಿದಳು. "ಒಂದು ವಾರನೂ ಬಿಟ್ಟಿಲ್ಲ. ವಾಸಿ ಆಗಿಲ್ಲ. ಚೀಟಿ ನಂಗ ತಿಳೀಲಿಲ್ಲ. ತಿಳಿದ ಮ್ಯಾಲೂ ಹೇಳಲಿಲ್ಲ. ಹೋದ ಐತವಾರ ನಿನ್ನ ಮುಂದ ಎದ್ದು ನಿಂತಾಗ ನಂಗ ಗೊತ್ತಿತ್ತು ದುರ್ಗಾದೇವಿ. ಗೊತ್ತಿತ್ತು."

ದುರ್ಗಾದೇವಿ ನಿಂತಲ್ಲಿಂದ ಕದಲಲಿಲ್ಲ. ಆಮೇಲೆ ಮೆಲ್ಲಗೆ ನಡೆದು ಬಂದಳು. ದಾರಿಯಲ್ಲಿ ಕೂತವರು ಮೊಣಕಾಲು ಸರಿಸಿ ಜಾಗ ಮಾಡಿಕೊಟ್ಟರು. ಹುಲುಗಣ್ಣನ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಆ ಎರಡು ಪಟ್ಟಿಗಳನ್ನು ನೋಡಿದಳು. ಕೆಂಚಕ್ಕನ ಕಡೆ ತಿರುಗಲಿಲ್ಲ. ಬಲಗೈಯನ್ನು ಸೀರೆಗೆ ಒರೆಸಿಕೊಂಡು, ಸುಮಲತಾ ಎಲ್ಲರಿಗೂ ಕಲಿಸಿದ ಹಾಗೆ, ಪಟ್ಟಿಗಳಿಗಿಂತ ತುಸು ಮೇಲೆ ಅಂಗೈಯನ್ನು ಹಗುರಾಗಿ ಇಟ್ಟಳು. ಕಣ್ಣು ಮುಚ್ಚಿದಳು.

"ಐತಿ," ಎಂದಳು.

ಹುಲುಗಣ್ಣನ ಬಾಯಿ ದಿನದ ರೂಢಿಯಂತೆ ತೆರೆಯಿತು. ಇರ್ಲಿ ಬಿಡು ಎನ್ನಲು ಅವನಿಗೆ ಆಗಲಿಲ್ಲ. ದುರ್ಗಾದೇವಿ ಕೈ ತೆಗೆಯಲಿಲ್ಲ.